ತಾಳ ಹಿಡಿಯುವ ಅಧಿಕಾರ: ಸಾಗರ, ಹೊಸನಗರ, ತೀರ್ಥಹಳ್ಳಿ ಪರಿಸರದ ವಿದ್ಯಾರ್ಥಿ ಹಿಮ್ಮೇಳಗಳ ಒಂದು ವಿವೇಚನೆ

ಪಾಶ್ಚಾತ್ಯ ದೇಶಗಳ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳಲ್ಲಿ ಒಂದು ಪದ್ಧತಿ ರೂಢಿಯಲ್ಲಿದೆ. ವಿದ್ಯಾರ್ಥಿಗಳ ವಾದ್ಯವೃಂದ ಸಾರ್ವಜನಿಕ ಕಛೇರಿ ನೀಡುವಾಗ ಒಂದೆರಡು ಕೃತಿಗಳ ನಿರ್ದೇಶನವನ್ನು ಗುರುವಿನ ಬದಲು ವಿದ್ಯಾರ್ಥಿಯೊಬ್ಬ ವಹಿಸಿಕೊಳ್ಳುತ್ತಾನೆ. ಏಕವಾದನದ ಭಾಗವನ್ನು ಇನ್ನೊಬ್ಬ ವಿದ್ಯಾರ್ಥಿ ನುಡಿಸುತ್ತಾನೆ. ಗುರು ಆ ಹೊತ್ತಿಗೆ ವೇದಿಕೆಯಿಂದ ಇಳಿದು ಸಭಿಕರ ನಡುವೆ ಕುಳಿತಿರುತ್ತಾನೆ. ಕೈಯಲ್ಲಿ ಕೋಲು ಹಿಡಿದು ಹತ್ತಾರು ಜನರನ್ನು ಒಂದು ಲಯಕ್ಕೆ ತರುವ ಹೊಣೆಯನ್ನು ಕಲಿಯುವ ಹಂತದಲ್ಲಿಯೇ, ನಿಜವಾದ ಸಭೆಯ ಎದುರಿನಲ್ಲಿಯೇ ಕಲಿಯಬೇಕೆಂಬುದು ಈ ಪದ್ಧತಿಯ ಹಿಂದಿರುವ ತಿಳಿವಳಿಕೆ.

ಕರ್ನಾಟಕದಲ್ಲಿ ಇದಕ್ಕೆ ಹೋಲಿಕೆಯನ್ನು ಹುಡುಕಹೊರಟರೆ ಮೊದಲು ನೆನಪಾಗುವುದು ಮೈಸೂರು ಅರಮನೆಯ ವಾದ್ಯವೃಂದ. ಆದರೆ ಅದು ವೃತ್ತಿವಾದಕರ ಮೇಳವಾಗಿತ್ತು. ಅರಮನೆಯ ಆಶ್ರಯಕ್ಕೆ ಸೀಮಿತವಾಗಿತ್ತು. ಪ್ರಸ್ತುತ ಲೇಖನದ ದೃಷ್ಟಿಯಲ್ಲಿ ನಮಗೆ ಹೆಚ್ಚು ಸಮೀಪದ ಹೋಲಿಕೆ ದೊರೆಯುವುದು ಯಕ್ಷಗಾನದ ಹಿಮ್ಮೇಳದಲ್ಲಿ. ಭಾಗವತ, ಮದ್ದಳೆಗಾರ, ಚಂಡೆಗಾರ, ಶ್ರುತಿ ಹಿಡಿಯುವವನು ಎಂಬ ಕಿರಿದಾದ ಈ ವೃಂದದಲ್ಲಿ ಹಾಡುವವನೇ ನಿರ್ದೇಶಕ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಇಂದು ವಿದ್ಯಾರ್ಥಿಗಳ ಹಿಮ್ಮೇಳ ಕಾರ್ಯಕ್ರಮಗಳು ನಡೆಯುತ್ತಿವೆ. ಅವುಗಳಲ್ಲಿ ಕಂಠದ ಸಿದ್ಧಿಗೆ ಕೊರತೆಯಿಲ್ಲ. ಕೈಬೆರಳಿನ ಚುರುಕಿಗೂ ಕೊರತೆಯಿಲ್ಲ. ಆದರೆ ನಿರ್ದೇಶನ ಎಂಬ ಕಲೆ ಅಲ್ಲಿ ಕಲಿಕೆಗೆ ಒಳಗಾಗುತ್ತಿದೆಯೇ ಎಂಬುದು ಪ್ರಶ್ನೆ. ಈ ಪ್ರಶ್ನೆಯನ್ನು ಸಂಪ್ರದಾಯವೇ ರೂಪಿಸಿಕೊಂಡಿದ್ದ ಕಲಿಕೆಯ ಕ್ರಮಗಳ ಬೆಳಕಿನಲ್ಲಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಭಾಗವತನ ನಿರ್ದೇಶನದ ಸ್ವರೂಪ

ಭಾಗವತನೇ ಮೊದಲನೆಯ ವೇಷಧಾರಿ ಎಂಬ ಮಾತು ಯಕ್ಷಗಾನ ವಲಯದಲ್ಲಿ ಸರ್ವವಿದಿತ. ಇದನ್ನು ಗೌರವಸೂಚಕ ಮಾತೆಂದಷ್ಟೇ ಗ್ರಹಿಸಿದರೆ ಅದರ ಅರ್ಧ ಅರ್ಥ ಮಾತ್ರ ದಕ್ಕುತ್ತದೆ. ಪ್ರಸಂಗದ ಯಾವ ಪದ್ಯವನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವ ರಾಗದಲ್ಲಿ, ಯಾವ ಕಾಲದಲ್ಲಿ ಹಾಡಬೇಕು, ವೇಷಧಾರಿಯ ಅರ್ಥ ಎಲ್ಲಿ ಮುಗಿಯಿತು, ಎಲ್ಲಿ ಮುಗಿಯಬೇಕಾಗಿತ್ತು ಎಂಬ ತೀರ್ಮಾನಗಳೆಲ್ಲ ಅವನವು. ಭಾಮಿನಿ, ವಾರ್ಧಕ, ಕಂದಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ ಹಾಡಿ, ಮರುಕ್ಷಣದಲ್ಲಿ ಏಕ, ಝಂಪೆ, ಅಷ್ಟ, ತ್ರಿವುಡೆ ಮುಂತಾದ ತಾಳಗಳ ಪದ್ಯಕ್ಕೆ ಹೊರಳಬೇಕಾಗುತ್ತದೆ. ಹೊರಳುವ ಆ ಕ್ಷಣವನ್ನು ಮದ್ದಳೆಗಾರ ಮುಂಚಿತವಾಗಿ ಊಹಿಸಿರಬೇಕು. ಸ್ತ್ರೀವೇಷದ ಪದ್ಯಕ್ಕೆ ಮದ್ದಳೆಯೊಂದೇ ಸಾಕು. ವೀರರಸದ ವೇಷಕ್ಕೆ ಚಂಡೆ ಬೇಕು. ಅದು ಯಾವಾಗ ಸೇರಬೇಕು, ಯಾವಾಗ ಸುಮ್ಮನಾಗಬೇಕು ಎಂಬುದಕ್ಕೂ ಭಾಗವತನ ಸೂಚನೆಯೇ ಆಧಾರ.

ವಾದ್ಯವೃಂದದ ನಿರ್ದೇಶಕನಿಗೂ ಭಾಗವತನಿಗೂ ಇರುವ ವ್ಯತ್ಯಾಸಗಳು ಗಮನಾರ್ಹವಾದವು. ಮೊದಲನೆಯವನು ಮೌನಿ, ವಾದಕರಿಗೆ ಮುಖಮಾಡಿ ನಿಂತು ಕೈಸನ್ನೆಯಿಂದ ನಡೆಸುತ್ತಾನೆ. ಅವನ ಎದುರಿಗೆ ಬರೆದಿಟ್ಟ ಸ್ವರಲಿಪಿ ಇರುತ್ತದೆ. ಭಾಗವತನು ಹಾಡುತ್ತಲೇ ನಡೆಸುತ್ತಾನೆ. ಬಡಗುತಿಟ್ಟಿನಲ್ಲಿ ಅವನ ಕೈಯಲ್ಲಿರುವುದು ಪುಟ್ಟ ತಾಳ, ತೆಂಕುತಿಟ್ಟಿನಲ್ಲಿ ಜಾಗಟೆ. ಹಿಮ್ಮೇಳದ ಸ್ಥಾನ ರಂಗದ ಹಿಂಬದಿಯಲ್ಲಿರುವುದರಿಂದ ವೇಷಧಾರಿಯ ಬೆನ್ನನ್ನು ನೋಡುತ್ತಲೇ ಅವನ ಮನಸ್ಸನ್ನು ತಿಳಿಯಬೇಕಾದ ನಿರ್ದೇಶಕ ಇವನು. ಅವನ ಮುಂದಿರುವ ಪ್ರಸಂಗದ ಪಠ್ಯದಲ್ಲಿ ಪದ್ಯಗಳಿವೆ, ಅರ್ಥವಿಲ್ಲ. ಅರ್ಥಗಾರಿಕೆ ಆಶುವಾದುದರಿಂದ ಪ್ರದರ್ಶನದ ಅರ್ಧಭಾಗ ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಹೀಗಾಗಿ ಪದ್ಯದ ಎತ್ತುಗಡೆ ಎಂಬುದು ಸಂಗೀತದ ಕ್ರಿಯೆ ಮಾತ್ರವಲ್ಲ. ಅದು ನಿರ್ಣಯದ ಕ್ರಿಯೆ.

ಈ ಸಂವಹನ ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಮೂಲಕ ನಡೆಯುತ್ತದೆ. 2020ರಲ್ಲಿ ನಿಧನರಾದ ಹೊಸ್ತೋಟ ಮಂಜುನಾಥ ಭಾಗವತರು ಶಿವಮೊಗ್ಗದಲ್ಲಿ ಅಂಧ ವಿದ್ಯಾರ್ಥಿಗಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದದ್ದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಅದನ್ನು ಕರುಣೆಯ ಕಾರ್ಯವೆಂದು ಹೊಗಳಿ ಮುಗಿಸುವವರೇ ಹೆಚ್ಚು. ಕಲಾಮೀಮಾಂಸೆಯ ದೃಷ್ಟಿಯಿಂದ ನೋಡಿದರೆ, ಯಕ್ಷಗಾನದ ಒಳಗಿನ ಕೊಡುಕೊಳೆ ಎಷ್ಟರಮಟ್ಟಿಗೆ ಶ್ರವಣವನ್ನು ಅವಲಂಬಿಸಿದೆ ಎಂಬುದಕ್ಕೆ ಅದೊಂದು ಪ್ರಾತ್ಯಕ್ಷಿಕೆ.

ಪೂರ್ವರಂಗ: ಮೇಳದೊಳಗಿನ ಪಾಠಶಾಲೆ

ಇಂತಹ ನಿರ್ಣಯಶಕ್ತಿಯನ್ನು ಕಲಿಸುವುದು ಹೇಗೆ? ಇರುಳಿಡೀ ನಡೆಯುವ ಆಟದ ರಚನೆಯಲ್ಲಿಯೇ ಇದಕ್ಕೆ ಉತ್ತರವಿತ್ತು. ಸಭಾಲಕ್ಷಣದ ಪದ್ಯಗಳನ್ನು ಆಧರಿಸಿದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬರುತ್ತಿದ್ದವು. ಮೇಳ ಸೇರಿದ ಹುಡುಗರು ಮೊದಲು ಗೆಜ್ಜೆ ಕಟ್ಟುತ್ತಿದ್ದುದು ಕೋಡಂಗಿಯಾಗಿ, ನಂತರ ಬಾಲಗೋಪಾಲನಾಗಿ. ಈ ಮೆಟ್ಟಿಲುಗಳ ಬಗೆಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಪೂರ್ವರಂಗ ಹಾಡುಗಾರನಿಗೂ ಮೆಟ್ಟಿಲಾಗಿತ್ತು ಎಂಬ ಸಂಗತಿಗೆ ಸಿಕ್ಕಿರುವ ಗಮನ ಕಡಿಮೆ. ಪ್ರಧಾನ ಭಾಗವತರು ರಂಗಕ್ಕೆ ಬರುವುದಕ್ಕೆ ಮುನ್ನ ಈ ಭಾಗವನ್ನು ನಡೆಸುತ್ತಿದ್ದವನು ಸಂಗೀತಗಾರನೆಂದು ಕರೆಯಲ್ಪಡುವ ಕಿರಿಯ ಭಾಗವತ. ಮದ್ದಳೆಗೂ ಹಲವು ವೇಳೆ ಕಿರಿಯನೇ ಕೂರುತ್ತಿದ್ದ.

ಈ ವ್ಯವಸ್ಥೆಯ ಶೈಕ್ಷಣಿಕ ಸೂಕ್ಷ್ಮತೆ ಮೂರು ಅಂಶಗಳಲ್ಲಿದೆ. ಒಂದು, ಕಲಿಯುವ ಭಾಗವತನ ಎದುರಿಗೆ ಕುಣಿಯುವವರೂ ಕಲಿಯುವವರೇ. ಕೋಡಂಗಿ ಹೆಜ್ಜೆ ತಪ್ಪಿದರೆ ಹಾಡಿನವನು ಕಾಯಬೇಕು; ಹಾಡಿನವನು ಅವಸರಿಸಿದರೆ ಕೋಡಂಗಿ ಎಡವುತ್ತಾನೆ. ಒಬ್ಬರ ತಪ್ಪನ್ನು ಒಬ್ಬರು ಹೊರುವ ಅಭ್ಯಾಸ ಅಲ್ಲಿಯೇ ಆಗುತ್ತದೆ. ಎರಡು, ಸಭೆ ನಿಜವಾದ ಸಭೆ. ಊಟ ಮುಗಿಸಿ ಚಾಪೆ ಹಾಸಿಕೊಳ್ಳುತ್ತಿರುವ ಜನ, ಅರೆಗಮನದ ಜನ. ಆದರೂ ಆಟಕ್ಕೆಂದೇ ಬಂದ ಜನ. ಮೂರು, ಗುರುವಿನ ಸ್ಥಾನ. ಪ್ರಧಾನ ಭಾಗವತನು ಆ ಹೊತ್ತಿನಲ್ಲಿ ರಂಗದ ಮೇಲಿರುವುದಿಲ್ಲ, ಆದರೆ ಕೇಳುವಷ್ಟು ಹತ್ತಿರದಲ್ಲಿಯೇ ಇರುತ್ತಾನೆ. ವಿಶ್ವವಿದ್ಯಾಲಯದ ಕಛೇರಿಯಲ್ಲಿ ಸಭಿಕರ ನಡುವೆ ಕುಳಿತ ಗುರುವಿನ ಸ್ಥಾನವೂ ಇದೇ. ಗುರು ಇಲ್ಲದೆ ಕಲಿಕೆಯಿಲ್ಲ. ಗುರು ಪಕ್ಕದಲ್ಲಿ ಕುಳಿತಿದ್ದರೆ ನಿರ್ಣಯವಿಲ್ಲ. ಇವೆರಡರ ನಡುವಿನ ದೂರವನ್ನು ಪೂರ್ವರಂಗ ಕಂಡುಕೊಂಡಿತ್ತು.

ಹೊತ್ತಿನ ಕೊರತೆಯಿಂದ ಮೊದಲು ಕತ್ತರಿಗೆ ಸಿಕ್ಕಿದ್ದು ಈ ಭಾಗವೇ. ಕಾಲಮಿತಿಯ ಪ್ರಯೋಗಗಳು ಹರಡಿದಂತೆ ಪೂರ್ವರಂಗ ಒಂದೆರಡು ಸ್ತುತಿಪದ್ಯಗಳಿಗೆ ಕುಗ್ಗಿತು ಅಥವಾ ಸಂಪೂರ್ಣವಾಗಿ ಬಿಟ್ಟುಹೋಯಿತು. ಕತೆಗೆ ಸಂಬಂಧವಿಲ್ಲದ ಭಾಗವೆಂಬುದು ಅದಕ್ಕೆ ಕೊಡುವ ಕಾರಣ. ಕತೆಯ ಮಟ್ಟಿಗೆ ಆ ಮಾತು ನಿಜ. ಕಲೆಯ ಮುಂದುವರಿಕೆಯ ಮಟ್ಟಿಗೆ ಅದು ನಿಜವಲ್ಲ. ಮೂರು ಗಂಟೆಯ ಪ್ರಯೋಗದಲ್ಲಿ ಕಲಿಯುವವನಿಗೆಂದು ಮೀಸಲಾದ ಒಂದು ಗಳಿಗೆಯೂ ಉಳಿಯಲಿಲ್ಲ.

ಘಟ್ಟದ ಮೇಲಣ ಪರಿಸರ

ಮೇಲಿನ ವಿಚಾರ ಯಕ್ಷಗಾನದ ಎಲ್ಲ ಪ್ರದೇಶಗಳಿಗೂ ಅನ್ವಯಿಸುವಂಥದು. ಆದರೆ ಈ ಮೂರು ತಾಲೂಕುಗಳಿಗೆ ಕೆಲವು ವಿಶೇಷ ಲಕ್ಷಣಗಳಿವೆ. ಇವು ಕರಾವಳಿಯ ಮೇಳಗಳ ತಿರುಗಾಟದ ಪ್ರದೇಶ. ಆಗುಂಬೆ ಘಾಟಿಯಿಂದ ತೀರ್ಥಹಳ್ಳಿಗೆ, ಹುಲಿಕಲ್ ಮತ್ತು ಕೊಲ್ಲೂರು ಘಾಟಿಗಳಿಂದ ಹೊಸನಗರಕ್ಕೆ ಕುಂದಾಪುರ ಮತ್ತು ಉಡುಪಿ ಕಡೆಯ ಮಟ್ಟು ಏರಿಬಂದಿತು. ಮಂದಾರ್ತಿಯಂತಹ ಮೇಳಗಳ ಹರಕೆ ಆಟಗಳು ಇಲ್ಲಿನ ಹಳ್ಳಿಗಳಿಗೆ ಚಿರಪರಿಚಿತ. ಸಾಗರಕ್ಕಾದರೋ ಗೇರುಸೊಪ್ಪೆಯ ಹಾದಿಯಿಂದಲೂ ಸಿದ್ದಾಪುರ, ಶಿರಸಿಯ ಕಡೆಯಿಂದಲೂ ಉತ್ತರ ಕನ್ನಡದ ಮಟ್ಟಿನ ಪ್ರಭಾವ ಹೆಚ್ಚು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಅಭಿನಯಪ್ರಧಾನ ಶೈಲಿಗೆ ಸಾಗರದ ಪ್ರೇಕ್ಷಕ ಒಲಿದಷ್ಟು ತೀರ್ಥಹಳ್ಳಿಯ ಪ್ರೇಕ್ಷಕ ಒಲಿದಂತೆ ಕಾಣುವುದಿಲ್ಲ. ಆದಕಾರಣ ಸಾಗರದ ವಿದ್ಯಾರ್ಥಿ ಕಲಿಯುವ ಪದ್ಯದ ನಡೆಗೂ ತೀರ್ಥಹಳ್ಳಿಯ ವಿದ್ಯಾರ್ಥಿ ಕಲಿಯುವ ನಡೆಗೂ ವ್ಯತ್ಯಾಸವಿರುವುದು ಸಹಜ. ಏಕರೂಪದ ಪಠ್ಯಕ್ರಮವನ್ನು ಸಿದ್ಧಪಡಿಸುವವರು ಈ ವ್ಯತ್ಯಾಸವನ್ನು ದೋಷವೆಂದು ತಿಳಿಯಬಾರದು.

ಎರಡನೆಯದಾಗಿ, ಇದು ಮಳೆಯ ನಾಡು. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಬಯಲಿನಲ್ಲಿ ಆಟ ಆಡಲಾಗದ ತಿಂಗಳುಗಳಲ್ಲಿ ಜಗಲಿಯ ಮೇಲೆ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ಅರ್ಥ ಎರಡೇ. ಕಲಿಯುವ ಭಾಗವತನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇರಲಾರದು. ಅರ್ಥಧಾರಿ ವಾದವನ್ನು ಎತ್ತ ಒಯ್ಯುತ್ತಾನೆ ಎಂಬುದನ್ನು ಕೇಳುತ್ತ, ಮುಂದಿನ ಪದ್ಯಕ್ಕೆ ಹದವಾದ ಗಳಿಗೆಯನ್ನು ಹುಡುಕುವುದೇ ಅಲ್ಲಿನ ಕೆಲಸ. ಊರಿನ ತಾಳಮದ್ದಳೆಯಲ್ಲಿ ಹಿರಿಯ ಭಾಗವತರು ನಡುವೆ ಎಲೆಯಡಿಕೆಗೆ ಎದ್ದಾಗ ತಾಳ ಹುಡುಗನ ಕೈಗೆ ಬರುವುದು ವಾಡಿಕೆ. ಆ ವಾಡಿಕೆಗೆ ಹೆಸರಿಲ್ಲ, ಪ್ರಮಾಣಪತ್ರವಿಲ್ಲ. ಆದರೆ ಅದು ಬೋಧನೆಯ ಕ್ರಮವೇ.

ಮೂರನೆಯದು ಯಕ್ಷಗಾನದ ಹೊರಗಿನದು. ದೀಪಾವಳಿಯ ಇರುಳುಗಳಲ್ಲಿ ಆರದ ಜ್ಯೋತಿಯನ್ನು ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆ ಈ ಮೂರೂ ತಾಲೂಕುಗಳ ಸಾಮಾನ್ಯ ಆಸ್ತಿ. ಇದರಲ್ಲಿ ವಾದ್ಯವಿಲ್ಲ. ಮುಂದಾಳುಗಳು ಹಾಡಿದ ಸಾಲನ್ನು ಹಿಂದಿನವರು ಮರಳಿ ಹಾಡುತ್ತಾರೆ. ಮುಚ್ಚಿದ ಬಾಗಿಲ ಮುಂದೆ ಒಂದು ಹಾಡು, ಬಲೀಂದ್ರನಿಗೆ ಒಂದು, ಗೋವಿಗೆ ಒಂದು ಎಂಬಂತೆ ಮನೆಯ ಸಂದರ್ಭವನ್ನು ನೋಡಿ ಹಾಡನ್ನು ಆಯ್ದುಕೊಳ್ಳುವುದು ಮುಂದಾಳಿನ ಹೊಣೆ. ಹಿಂದಿನ ಸಾಲಿನಲ್ಲಿ ವರ್ಷಗಳ ಕಾಲ ನಡೆದ ಹುಡುಗ ಒಂದು ವರ್ಷ ಮುಂದಿನ ಸಾಲಿಗೆ ಬರುತ್ತಾನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರುಗಳು ಮುಳುಗಿ ಸಾಗರ, ಹೊಸನಗರ ತಾಲೂಕುಗಳ ಕುಟುಂಬಗಳು ಚದುರಿದವು. ಆಗ ಮುಳುಗಿದವುಗಳಲ್ಲಿ ಇಂತಹ ಹಾಡಿನ ಹಾದಿಗಳೂ ಸೇರಿವೆ. ಹಾಡುಗಳನ್ನು ಸಂಗ್ರಹಿಸಬಹುದು. ಯಾವ ಮನೆಯ ಮುಂದೆ ಯಾವ ಹಾಡು ಎಂಬ ವಿವೇಕ ಹಾದಿಯ ಜೊತೆಗೆ ಹೋಗುತ್ತದೆ.

ಪೂರ್ವರಂಗ, ತಾಳಮದ್ದಳೆ, ಅಂಟಿಗೆ-ಪಂಟಿಗೆ ಈ ಮೂರರಲ್ಲಿಯೂ ಸಮಾನವಾದ ಒಂದು ತತ್ತ್ವವಿದೆ. ಕಲಿಯುವವನಿಗೆ ಹಾಡುವ ಅವಕಾಶದ ಜೊತೆಗೆ ನಡೆಸುವ ಅಧಿಕಾರವೂ ದೊರೆಯುತ್ತಿತ್ತು.

ಇಂದಿನ ವಿದ್ಯಾರ್ಥಿ ಹಿಮ್ಮೇಳಗಳು

ಸಂಸ್ಥೆಗಳ ಮೂಲಕ ಯಕ್ಷಗಾನ ಶಿಕ್ಷಣ ನೀಡುವ ಪ್ರಯತ್ನಗಳಿಗೆ ಗೌರವಾರ್ಹವಾದ ಚರಿತ್ರೆಯಿದೆ. ಶಿವರಾಮ ಕಾರಂತ ಮತ್ತು ಕು.ಶಿ. ಹರಿದಾಸ ಭಟ್ಟರ ಆಸಕ್ತಿಯಿಂದ 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಅಲ್ಲಿ ನಾರಣಪ್ಪ ಉಪ್ಪೂರರು ಭಾಗವತಿಕೆಯನ್ನೂ ಏರುಮದ್ದಳೆಗೆ ಹೆಸರಾದ ಹಿರಿಯಡಕ ಗೋಪಾಲರಾಯರು ಮದ್ದಳೆಯನ್ನೂ ಕಲಿಸಿದರು. ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರವನ್ನು ಸ್ಥಾಪಿಸಿದರು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದ ಪಾಠಕ್ರಮದಲ್ಲಿ ಯಕ್ಷಗಾನದ ತರಬೇತಿಯೂ ಸೇರಿದೆ. ಉಪ್ಪೂರರ ಶಿಷ್ಯರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಕಾಲ ಮರಣಕ್ಕೀಡಾಗುವ ಮುನ್ನ ಬಡಗಿನ ಭಾಗವತಿಕೆಗೆ ಹೊಸ ಆಕರ್ಷಣೆಯನ್ನು ತಂದುಕೊಟ್ಟರು. ಇಂದು ಘಟ್ಟದ ಮೇಲೆ ತಾಳ ಹಿಡಿಯಬಯಸುವ ಹುಡುಗರಲ್ಲಿ ಬಹುಪಾಲು ಮಂದಿ ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಬೆಳೆದವರು, ಅಥವಾ ಹಾಗೆ ಕೇಳಿ ಬೆಳೆದವರಿಂದ ಕಲಿತವರು.

ಇಂದು ಈ ಮೂರು ತಾಲೂಕುಗಳಲ್ಲಿ ಕಾಣಸಿಗುವ ವಿದ್ಯಾರ್ಥಿ ಕಾರ್ಯಕ್ರಮಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಶಾಲಾ ವಾರ್ಷಿಕೋತ್ಸವದ ಪ್ರಸಂಗ. ಇಲ್ಲಿ ಮುಮ್ಮೇಳವೆಲ್ಲ ಮಕ್ಕಳದು. ಹಿಮ್ಮೇಳ ಮಾತ್ರ ವೃತ್ತಿಕಲಾವಿದರದು ಅಥವಾ ಗುರುಗಳದು. ಮಕ್ಕಳ ಯಕ್ಷಗಾನವೆಂದು ಪ್ರಕಟವಾಗುವ ಕಾರ್ಯಕ್ರಮದಲ್ಲಿ ನಡೆಸುವವರು ಹಿರಿಯರೇ ಆಗಿರುತ್ತಾರೆ. ಅನುಭವಿ ಭಾಗವತನು ಮಕ್ಕಳ ತಪ್ಪುಗಳನ್ನು ಮುಚ್ಚಿ ಪ್ರಯೋಗವನ್ನು ದಡಕ್ಕೆ ತರುತ್ತಾನೆ. ಇದು ಮಕ್ಕಳಿಗೆ ಧೈರ್ಯ ಕೊಡುವ ಉಪಾಯ ಹೌದು. ಹಿಮ್ಮೇಳದ ಶಿಕ್ಷಣವಂತೂ ಅಲ್ಲ.

ಎರಡನೆಯದು ಗಾನವೈಭವದ ಮಾದರಿಯ ಕಛೇರಿ. ಇಲ್ಲಿ ವಿದ್ಯಾರ್ಥಿಗಳೇ ಹಾಡುತ್ತಾರೆ, ವಿದ್ಯಾರ್ಥಿಗಳೇ ನುಡಿಸುತ್ತಾರೆ. ಸರದಿಯಂತೆ ಒಬ್ಬೊಬ್ಬರು ಒಂದೆರಡು ಪದ್ಯ ಹಾಡುವುದು, ಇಬ್ಬರು ದ್ವಂದ್ವವಾಗಿ ಹಾಡುವುದು, ಚಂಡೆ ಮದ್ದಳೆಗಳ ಸವಾಲು ಜವಾಬು ಇವು ಅದರ ಅಂಗಗಳು. ನಾದದ ಮಟ್ಟಿಗೆ ಇಂತಹ ಕಾರ್ಯಕ್ರಮಗಳು ಹಲವು ಬಾರಿ ತೃಪ್ತಿ ನೀಡುತ್ತವೆ. ಶ್ರುತಿಶುದ್ಧಿಯಲ್ಲಿ ಇಂದಿನ ವಿದ್ಯಾರ್ಥಿಗಳು ಹಳೆಯ ಬಯಲಾಟದ ಹಲವು ಹಾಡುಗಾರರಿಗಿಂತ ಮುಂದಿದ್ದಾರೆ ಎಂದರೆ ಅತಿಶಯೋಕ್ತಿಯಲ್ಲ. ಆದರೆ ವೇಷವೂ ಅರ್ಥವೂ ಇಲ್ಲದ ಈ ರಂಗದಲ್ಲಿ ಭಾಗವತನು ಯಾರಿಗಾಗಿ ಕಾಯಬೇಕು? ಕಾಯಬೇಕಾದ್ದಿಲ್ಲದ ಕಡೆ ನಿರ್ದೇಶನವೂ ಇಲ್ಲ. ಪದ್ಯದ ಆಯ್ಕೆ, ಸರದಿ, ಅವಧಿ ಎಲ್ಲವೂ ಮೊದಲೇ ನಿಗದಿಯಾಗಿರುತ್ತವೆ. ಹೀಗೆ ಏಕಗಾಯಕನೊಬ್ಬ ಸಿದ್ಧನಾಗುತ್ತಾನೆ, ನಿರ್ದೇಶಕ ಸಿದ್ಧನಾಗುವುದಿಲ್ಲ. ಗುರು ಪಕ್ಕದಲ್ಲಿಯೇ ಕುಳಿತು ಕೈಯಲ್ಲಿ ತಾಳ ತೋರಿಸುತ್ತಿದ್ದರಂತೂ ವಿದ್ಯಾರ್ಥಿಯ ಕೈಯಲ್ಲಿರುವ ತಾಳ ಅಲಂಕಾರ ಮಾತ್ರವಾಗುತ್ತದೆ.

ಮೂರನೆಯದು ಕಾಲೇಜು ಮತ್ತು ವಿಶ್ವವಿದ್ಯಾಲಯ ಮಟ್ಟದ ಯುವಜನೋತ್ಸವಗಳ ಜಾನಪದ ವಾದ್ಯಗೋಷ್ಠಿ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಈ ತಾಲೂಕುಗಳು ಸೇರುತ್ತವೆ. ಇಂತಹ ಗೋಷ್ಠಿಗಳಲ್ಲಿ ಡೊಳ್ಳು, ಚಂಡೆ, ತಮಟೆ, ತಾಳಗಳನ್ನು ಒಂದೇ ವೇದಿಕೆಗೆ ತಂದು, ನಿಮಿಷಗಳ ಲೆಕ್ಕದಲ್ಲಿ ಜೋಡಿಸಲಾಗುತ್ತದೆ. ಡೊಳ್ಳಿಗೆ ಬೀರದೇವರ ಆರಾಧನೆಯ ಸಂದರ್ಭವಿದೆ. ಚಂಡೆಗೆ ರಂಗದ ಸಂದರ್ಭವಿದೆ. ಸಂದರ್ಭ ಕಳಚಿದ ವಾದ್ಯಗಳಿಗೆ ಉಳಿಯುವ ಸಮಾನ ಗುಣವೆಂದರೆ ವೇಗ ಮತ್ತು ಗಟ್ಟಿತನ. ತೀರ್ಪುಗಾರರು ಅಂಕ ಕೊಡುವುದೂ ಬಹುಮಟ್ಟಿಗೆ ಅವುಗಳಿಗೇ. ಇಲ್ಲಿನ ವಿದ್ಯಾರ್ಥಿ ನಾಯಕನು ಮುಂದೆ ನಿಂತು ಸನ್ನೆ ಮಾಡುತ್ತಾನೆ, ನಿಜ. ಆದರೆ ಕಂಠಪಾಠವಾದ ಒಂದು ರಚನೆಯ ಆದಿ ಅಂತ್ಯಗಳನ್ನು ಸೂಚಿಸುವುದಷ್ಟೇ ಅವನ ಪಾಲಿನ ಕೆಲಸ.

ಈ ತೊಡಕಿಗೆ ಒಂದು ಹಳೆಯ ನಿದರ್ಶನವಿದೆ. ಕಾರಂತರು ತಮ್ಮ ಯಕ್ಷಗಾನ ನೃತ್ಯರೂಪಕಗಳಲ್ಲಿ ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿ ಅದನ್ನು ವಾದ್ಯವೃಂದದತ್ತ ವಿಸ್ತರಿಸಿದರು. ಜೊತೆಗೆ ಮಾತನ್ನು ಬಹುಮಟ್ಟಿಗೆ ಕೈಬಿಟ್ಟರು. ನಾದದ ಸೌಂದರ್ಯ ಹೆಚ್ಚಿತು ಎಂಬುದನ್ನು ಅವರ ವಿರೋಧಿಗಳೂ ಅಲ್ಲಗಳೆಯುವುದು ಕಷ್ಟ. ಆದರೆ ಅರ್ಥ ಹೋದಾಗ ಭಾಗವತನ ನಿರ್ಣಯದ ಅವಕಾಶವೂ ಹೋಯಿತು. ಎಲ್ಲವೂ ಅಭ್ಯಾಸದ ಕೊಠಡಿಯಲ್ಲಿಯೇ ತೀರ್ಮಾನವಾಗಬೇಕಾಯಿತು. ಕಾರಂತರ ಪ್ರಯೋಗದಲ್ಲಿ ಇದು ಪ್ರಜ್ಞಾಪೂರ್ವಕವಾದ ಆಯ್ಕೆಯಾಗಿತ್ತು, ಆ ತೀರ್ಮಾನಗಳನ್ನು ಮಾಡುತ್ತಿದ್ದವರು ಕಾರಂತರಾಗಿದ್ದರು. ನಮ್ಮ ವಿದ್ಯಾರ್ಥಿ ಕಛೇರಿಗಳಲ್ಲಿ ಅದು ಆಯ್ಕೆಯೆಂಬ ಅರಿವಿಲ್ಲದೆಯೇ ನಡೆಯುತ್ತಿದೆ.

ಗಳಿಕೆಯ ಪಕ್ಷ

ಹೀಗೆಂದ ಮಾತ್ರಕ್ಕೆ ವಿದ್ಯಾರ್ಥಿ ಕಛೇರಿಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಅದು ಯಾರನ್ನು ಹೊರಗಿಟ್ಟಿತ್ತು ಎಂಬುದನ್ನೂ ಹೇಳಬೇಕು. ಪೂರ್ವರಂಗದ ಪಾಠಶಾಲೆಗೆ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ವೃತ್ತಿಮೇಳಗಳಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರೆಂದು ಹೆಸರಾದ ಲೀಲಾವತಿ ಬೈಪಾಡಿತ್ತಾಯರು 2024ರಲ್ಲಿ ನಿಧನರಾದರು. ಅವರು ತೆಂಕಿನ ಮೇಳಗಳಲ್ಲಿ ಜಾಗಟೆ ಹಿಡಿದು ಇರುಳು ಕಳೆದದ್ದು ಇಂದಿಗೂ ಅಪವಾದವೆಂಬಂತೆಯೇ ಉಲ್ಲೇಖಗೊಳ್ಳುತ್ತದೆ. ಇಂದು ಸಾಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ ಹುಡುಗಿಯೊಬ್ಬಳು ತಾಳ ಹಿಡಿದೋ ಮದ್ದಳೆ ನುಡಿಸಿಯೋ ಸಭೆಯ ಎದುರು ಕೂರುವ ಅವಕಾಶ ಸಿಕ್ಕಿದ್ದರೆ ಅದು ಬಹುಮಟ್ಟಿಗೆ ತರಗತಿ ಮತ್ತು ಕಛೇರಿಗಳ ಕೊಡುಗೆ. ಜಾತಿಯ ಗೆರೆಗಳನ್ನೂ ಶಾಲೆಯ ಹಿಮ್ಮೇಳ ಜಗಲಿಯ ತಾಳಮದ್ದಳೆಗಿಂತ ಸುಲಭವಾಗಿ ದಾಟುತ್ತದೆ.

ಆದರೆ ಈ ಗಳಿಕೆಯೇ ನಮ್ಮ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಹುಡುಗನಿಗಾದರೆ ತರಗತಿಯ ಆಚೆ ಮೇಳವೊಂದಿದೆ. ಕಛೇರಿಯಲ್ಲಿ ಕಲಿಯದ್ದನ್ನು ಅವನು ತಿರುಗಾಟದಲ್ಲಿ ಕಲಿತಾನು. ಹುಡುಗಿಗೆ ಹೆಚ್ಚಿನ ಸಂದರ್ಭಗಳಲ್ಲಿ ವಿದ್ಯಾರ್ಥಿ ರಂಗವೇ ಮೊದಲನೆಯದೂ ಕೊನೆಯದೂ ಆಗಿರುತ್ತದೆ. ಅಲ್ಲಿ ಅವಳಿಗೆ ಹಾಡಲು ಮಾತ್ರ ಅವಕಾಶ ಕೊಟ್ಟು ನಡೆಸಲು ಕೊಡದಿದ್ದರೆ ಅವಳು ಭಾಗವತೆಯಾಗುವುದು ಎಲ್ಲಿ?

ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಒಂದು, ಕಾಲಮಿತಿಯ ಪ್ರಯೋಗದಲ್ಲಿಯೂ ಪೂರ್ವರಂಗಕ್ಕೆ ಅಲ್ಪಾವಧಿಯನ್ನಾದರೂ ಮರಳಿ ಕೊಟ್ಟು, ಅದನ್ನು ಸಂಪೂರ್ಣವಾಗಿ ಕಲಿಯುವವರಿಗೆ ಬಿಡಬೇಕು. ಸಂಪ್ರದಾಯದ ಉಳಿವಿಗೆಂದು ಅನುದಾನ ನೀಡುವ ಸಂಸ್ಥೆಗಳು ಇದನ್ನು ಒಂದು ನಿಬಂಧನೆಯನ್ನಾಗಿ ಮಾಡಿದರೂ ತಪ್ಪಿಲ್ಲ. ಎರಡು, ಶಿಕ್ಷಣ ಕೇಂದ್ರಗಳು ಗಾನವೈಭವದ ಮಾದರಿಗಿಂತ ವಿದ್ಯಾರ್ಥಿ ತಾಳಮದ್ದಳೆಯ ಮಾದರಿಗೆ ಹೆಚ್ಚು ಒತ್ತು ನೀಡಬೇಕು. ಅರ್ಥ ಹೇಳುವವರೂ ವಿದ್ಯಾರ್ಥಿಗಳೇ ಆಗಿರಲಿ. ಮಾತು ಎಡವಿದಾಗ ಪದ್ಯ ಹೇಗೆ ಆಧಾರವಾಗಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ. ಮಳೆಗಾಲದ ಮಲೆನಾಡಿಗೆ ಇದು ಹೊಸದೂ ಅಲ್ಲ. ಮೂರು, ಪರೀಕ್ಷೆ ಮತ್ತು ಸ್ಪರ್ಧೆಗಳಲ್ಲಿ ರಾಗ, ತಾಳ, ಕಂಠಗಳ ಜೊತೆಗೆ ಎತ್ತುಗಡೆಯ ಔಚಿತ್ಯ, ಸಹವಾದಕರೊಡನೆ ಹೊಂದಾಣಿಕೆ, ಅನಿರೀಕ್ಷಿತವನ್ನು ನಿಭಾಯಿಸಿದ ರೀತಿ ಇವುಗಳನ್ನೂ ಮೌಲ್ಯಮಾಪನದ ಅಂಗಗಳಾಗಿ ಪರಿಗಣಿಸಬೇಕು.

ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ನಮ್ಮ ದಾಖಲಾತಿ ಇದುವರೆಗೆ ಹಿರಿಯ ಭಾಗವತರ ಹಾಡುಗಳಿಗೆ ಒಲಿದಿದೆ. ಕಲಿಯುವವನೊಬ್ಬ ಮೊದಲ ಬಾರಿಗೆ ಪದ್ಯವೊಂದನ್ನು ನಡೆಸಿದ ಧ್ವನಿಮುದ್ರಣ, ಮತ್ತು ಅದೇ ವ್ಯಕ್ತಿ ಕೆಲವು ವರ್ಷಗಳ ನಂತರ ಅದೇ ಪದ್ಯವನ್ನು ನಡೆಸಿದ ಧ್ವನಿಮುದ್ರಣ ಜೊತೆಜೊತೆಯಾಗಿ ದೊರೆತರೆ ಭಾಗವತಿಕೆ ಎಂಬ ವಿದ್ಯೆ ಹೇಗೆ ಬೆಳೆಯುತ್ತದೆ ಎಂಬುದರ ಬಗೆಗೆ ಆಧಾರಸಹಿತವಾಗಿ ಮಾತನಾಡಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಎರಡು ಮಟ್ಟುಗಳು ಕೂಡುವ ಈ ನೆಲ ಅಂತಹ ಅಧ್ಯಯನಕ್ಕೆ ಯೋಗ್ಯವಾದ ಕ್ಷೇತ್ರ. ಕಂಠಗಳು ಇಲ್ಲಿ ಇನ್ನೂ ಹುಟ್ಟುತ್ತಿವೆ. ಅವುಗಳಿಗೆ ತಾಳವನ್ನು ಎಷ್ಟು ಬೇಗ, ಎಷ್ಟು ನಂಬಿಕೆಯಿಂದ ಒಪ್ಪಿಸುತ್ತೇವೆ ಎಂಬುದರ ಮೇಲೆ ಮುಂದಿನ ತಲೆಮಾರಿನ ಹಿಮ್ಮೇಳದ ಸ್ವರೂಪ ನಿಂತಿದೆ.